ನಾನು ಬೀರುವಿಗೆ ಹಾಕಿದ ಬೀಗ

ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳೆಂಬ ಪದ್ಧತಿ ಬಂದ ಮೊದಲ ವರ್ಷ ಅದು. ಮೊದಲೆರಡು ಪರೀಕ್ಷೆಗಳು ಮುಗಿದು, ಬೇಸಿಕ್ ಮ್ಯಾತ್ಸ್ ಒಂದನ್ನೇ ಉಳಿಸಿಕೊಂಡಿದ್ದ ನಾಲ್ವರಿಗೆ ನಾನು ಗುಂಡ್ಲುಪೇಟೆಯಲ್ಲಿ ಮೂರನೆಯ ಪರೀಕ್ಷೆಗಾಗಿ ಉಚಿತವಾಗಿ ಪಾಠ ಹೇಳಲು ಒಪ್ಪಿಕೊಂಡಿದ್ದೆ. ಆ ಇಪ್ಪತ್ತೈದು ದಿನಗಳಲ್ಲಿ ನಾನು ಮಾಡಿದ ಒಂದು ಕೆಲಸ ಇಂದಿಗೂ ನನ್ನನ್ನು ಮಾತಿನ ಮಧ್ಯೆ ತಡೆದು ನಿಲ್ಲಿಸುತ್ತದೆ.

ನನ್ನ ಊರು ಹರವೆ. ಚಾಮರಾಜನಗರದಲ್ಲಿ ಎಂ.ಕಾಂ.ವರೆಗೆ ಓದಿದೆ. ಕಾಲೇಜಿನ ದಿನಗಳಲ್ಲಿ ಚರ್ಚಾ ಸ್ಪರ್ಧೆಗಳೇ ನನ್ನ ಉಸಿರಾಗಿದ್ದವು. ವಿಷಯದ ಪರವಾಗಿ ಚೀಟಿ ಬಂದರೆ ಪರವಾಗಿ, ವಿರೋಧವಾಗಿ ಬಂದರೆ ವಿರೋಧವಾಗಿ ವಾದಿಸಿ ಗೆದ್ದು ಬರುತ್ತಿದ್ದೆ. ಆದರೆ ಕಂಠಪಾಠದ ವಿಷಯದಲ್ಲಿ ನನಗೆ ಎರಡು ಪಕ್ಷಗಳಿರಲಿಲ್ಲ. ನಮ್ಮ ಜಿಲ್ಲೆಯ ಮಕ್ಕಳು ಅರ್ಥವರಿಯದೆ ಬಾಯಿಪಾಠ ಮಾಡುವುದನ್ನು ನಿಲ್ಲಿಸಬೇಕೆಂಬುದು ನನ್ನ ವ್ರತವೇ ಆಗಿತ್ತು. ವಾಣಿಜ್ಯ ವಿಭಾಗದವರು ಓದುವ ಬೇಸಿಕ್ ಮ್ಯಾತ್ಸ್ ಬದುಕಿಗೆ ತೀರ ಹತ್ತಿರವಾದ ಗಣಿತ. ಸರಾಸರಿ, ಅನುಪಾತಗಳ ಜೊತೆಗೆ, ಇರುವ ಜಮೀನಿನಲ್ಲಿ ಯಾವ ಬೆಳೆಯನ್ನು ಎಷ್ಟು ಹಾಕಿದರೆ ಹೆಚ್ಚು ಲಾಭವೆಂದು ನಕ್ಷೆ ಬರೆದು ಕಂಡುಹಿಡಿಯುವ ‘ಲೀನಿಯರ್ ಪ್ರೋಗ್ರಾಮಿಂಗ್’ ಕೂಡ ಅದರಲ್ಲಿದೆ. ಅಂಥದ್ದನ್ನೂ ಉರು ಹೊಡೆಯುತ್ತಾರಲ್ಲ ಎಂಬುದು ನನ್ನ ಸಂಕಟವಾಗಿತ್ತು.

ಪರಿಚಯದವರೊಬ್ಬರು ತಮ್ಮ ಖಾಲಿ ಅಂಗಡಿಯ ಕೋಣೆಯನ್ನು ಪಾಠಕ್ಕೆ ಬಿಟ್ಟುಕೊಟ್ಟರು. ಅಲ್ಲಿದ್ದದ್ದು ಒಂದು ಚಾಪೆ, ಒಂದು ಕಪ್ಪುಹಲಗೆ, ಒಂದು ಕಬ್ಬಿಣದ ಬೀರು. ಬಂದ ನಾಲ್ವರಲ್ಲಿ ಇಬ್ಬರು ಪೇಟೆಯ ಹುಡುಗಿಯರು. ಮೂರನೆಯವನು ಮಹದೇವ, ತರಕಾರಿ ಮಾರುಕಟ್ಟೆಯ ಹಮಾಲಿಯೊಬ್ಬರ ಮಗ. ನಾಲ್ಕನೆಯವರು ನಾಗರತ್ನ. ಗುಂಡ್ಲುಪೇಟೆ ತಾಲ್ಲೂಕಿನದೇ ಆದ ಮದ್ದೂರಿನ ಕಡೆ ಕಾಡಂಚಿನ ಊರೊಂದರಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ಒಂದೆರಡು ವರ್ಷ ಚಿಕ್ಕವರಷ್ಟೆ. ನಾಲ್ಕು ವರ್ಷದ ಮಗಳಿದ್ದಳು. ಆರು ವರ್ಷಗಳ ಹಿಂದೆ ಈ ಒಂದು ವಿಷಯದಲ್ಲಿ ಫೇಲಾಗಿ, ಮದುವೆಯಾಗಿ, ಮತ್ತೆ ಪರೀಕ್ಷೆ ಕಟ್ಟಿದ್ದರು.

ಮೊದಲ ದಿನ ನಾಲ್ವರ ಕೈಯಲ್ಲೂ ‘ಪಾಸಿಂಗ್ ಪ್ಯಾಕೇಜ್’ ಇತ್ತು. ಪರೀಕ್ಷೆಯಲ್ಲಿ ಬರಬಹುದಾದ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಸೇರಿಸಿದ ತೆಳುವಾದ ಜೆರಾಕ್ಸ್ ಪುಸ್ತಕ ಅದು. ಅದನ್ನು ಕಂಡೊಡನೆ ನನ್ನೊಳಗಿನ ಭಾಷಣಕಾರ ಎದ್ದುನಿಂತ.

“ಉತ್ತರವನ್ನು ತಲೆಯಲ್ಲಿ ಹೊತ್ತುಕೊಂಡು ಹೋಗಿ ಪರೀಕ್ಷೆಯ ಕೋಣೆಯಲ್ಲಿ ಇಳಿಸಿ ಬರುವವನು ವಿದ್ಯಾರ್ಥಿಯಲ್ಲ, ಹಮಾಲಿ” ಎಂದೆ.

“ನಮ್ಮಪ್ಪ ಹಮಾಲೀನೇ ಸಾ” ಎಂದ ಮಹದೇವ. “ಅವ್ರೂ ಇಳ್ಸೋವಾಗ ಎಣ್ಸಿ ಇಳುಸ್ತಾರೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮಾತು ನಿಲ್ಲಿಸಲಿಲ್ಲ. ಅರ್ಧ ಗಂಟೆಯ ಕೊನೆಗೆ ನಾಲ್ವರೂ ಎದ್ದುನಿಂತು, ಅರ್ಥವಾಗದ ಒಂದು ಸಾಲನ್ನೂ ಬರೆಯುವುದಿಲ್ಲವೆಂದು ನನ್ನ ಹಿಂದೆ ಪ್ರತಿಜ್ಞೆ ಹೇಳಿದರು. ಪುಸ್ತಕಗಳನ್ನು ಒಬ್ಬೊಬ್ಬರಾಗಿ ತಂದು ಬೀರುವಿನಲ್ಲಿಟ್ಟರು. ನಾಗರತ್ನ ಮಾತ್ರ ತಮ್ಮದನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

“ಸಾ, ನಂಗೆ ಮೂವತ್ತೈದು ಸಾಕು. ಅದ್ರ ಮ್ಯಾಲೆ ಒಂದೂ ಬ್ಯಾಡ. ಇದೊಂದು ನನ್ತಾವೇ ಇರ್ಲಿ ಬುಡಿ.”

“ಮೂವತ್ತೈದಕ್ಕೆ ಆಸೆಪಡುವ ಮನಸ್ಸನ್ನೇ ನಾವು ಮೊದಲು ಬದಲಿಸಬೇಕು” ಎಂದೆ. ಅವರು ಪುಸ್ತಕ ಕೊಟ್ಟರು. ನಾನು ಬೀಗ ಹಾಕಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ.

ಹತ್ತು ದಿನ ಉತ್ಸಾಹದಿಂದ ಕಳೆದವು. ಲೀನಿಯರ್ ಪ್ರೋಗ್ರಾಮಿಂಗ್ ಪಾಠಕ್ಕೆ ನಮ್ಮ ಸೀಮೆಯ ಲೆಕ್ಕವನ್ನೇ ಮಾಡಿದೆ. ಒಬ್ಬ ರೈತನಿಗೆ ಎರಡು ಎಕರೆ ಇದೆ, ನೀರು ಇಷ್ಟೇ, ಆಳು ಇಷ್ಟೇ. ಬಾಳೆ ಎಷ್ಟು ಹಾಕಬೇಕು, ಚೆಂಡುಹೂವು ಎಷ್ಟು ಹಾಕಬೇಕು? ನಕ್ಷೆಯ ಪ್ರಕಾರ ಬಹುಪಾಲು ಬಾಳೆಯೇ ಬಂತು.

“ಬಾಳೆ ಆಕಕಾಗಲ್ಲ ಸಾ” ಎಂದರು ನಾಗರತ್ನ, ನಗುತ್ತ. “ಆನೆ ಬತ್ತವೆ.”

ನಾನು ಸೀಮೆಸುಣ್ಣ ಕೆಳಗಿಟ್ಟೆ. ಇದನ್ನೇ ನಾನು ಕಾಯುತ್ತಿದ್ದದ್ದು. ಪ್ರಶ್ನೆಯನ್ನೇ ಪ್ರಶ್ನಿಸುವ ವಿದ್ಯಾರ್ಥಿ. “ನೋಡಿ, ಪುಸ್ತಕ ಬರೆದವರಿಗೆ ಗೊತ್ತಿಲ್ಲದ ಸತ್ಯ ಇವರಿಗೆ ಗೊತ್ತಿದೆ. ಆನೆಯನ್ನೂ ಲೆಕ್ಕಕ್ಕೆ ಸೇರಿಸಿ, ಬಾಳೆ ಸೊನ್ನೆ ಎಂದು ಬರೆಯಿರಿ. ಇದೇ ನಿಜವಾದ ಗಣಿತ” ಎಂದು ಅಂದಿನ ತರಗತಿಯನ್ನೆಲ್ಲ ಆ ಒಂದು ಮಾತಿನ ಮೇಲೆ ಕಟ್ಟಿದೆ. ನಾಗರತ್ನ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ನಾನು ನಿಲ್ಲಿಸಿ ಕೇಳಲಿಲ್ಲ.

ಪರೀಕ್ಷೆಗೆ ಒಂದು ವಾರವಿದ್ದಾಗ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು ಮೂರು ಗಂಟೆ ಬರೆಸಿದೆ. ಅಲ್ಲೇ ಕುಳಿತು ಉತ್ತರಗಳನ್ನು ತಿದ್ದಿದೆ. ನಾಲ್ವರೂ ಫೇಲಾಗಿದ್ದರು. ನಾಗರತ್ನರಿಗೆ ಬಂದದ್ದು ನೂರಕ್ಕೆ ಹತ್ತೊಂಬತ್ತು. ಕಬ್ಬು ಮತ್ತು ಭತ್ತದ ಲೆಕ್ಕದಲ್ಲಿ ಅವರು ನಕ್ಷೆಯನ್ನೇ ಬರೆದಿರಲಿಲ್ಲ. ‘ಕಬ್ಬಿಗೆ ಹಂದಿಯೂ ಆನೆಯೂ ಬರುವುದರಿಂದ ಕಬ್ಬು ಸೊನ್ನೆ’ ಎಂದು ಅರ್ಧ ಪುಟ ವಿವರಣೆ ಬರೆದಿದ್ದರು. ಪರೀಕ್ಷಾ ಮಂಡಳಿಯ ಮಾದರಿ ಉತ್ತರದ ಪ್ರಕಾರ ಅದಕ್ಕೆ ಒಂದು ಅಂಕವೂ ಸಿಗದು. ಆ ಅರ್ಧ ಪುಟದ ವಾಕ್ಯಗಳೆಲ್ಲ ನನ್ನವೇ ಆಗಿದ್ದವು.

“ಸಾ, ನನ್ನ ಪುಸ್ತಕ ಕೊಟ್ಬುಡಿ” ಎಂದರು ಅವರು, ಅಂಕ ನೋಡಿದ ಮೇಲೆ.

ಆಗಲಾದರೂ ನಾನು ಬೀಗ ತೆಗೆಯಬೇಕಿತ್ತು. ಬದಲಿಗೆ, “ಪ್ರತಿಜ್ಞೆ ಮಾಡಿದ್ದೀರಿ. ಕಷ್ಟ ಬಂದಾಗ ಬಿಡುವುದಾದರೆ ಅದಕ್ಕೆ ಪ್ರತಿಜ್ಞೆ ಎನ್ನುವುದೇಕೆ?” ಎಂದೆ. ಚರ್ಚಾ ವೇದಿಕೆಯಲ್ಲಾಗಿದ್ದರೆ ಆ ವಾಕ್ಯಕ್ಕೆ ಚಪ್ಪಾಳೆ ಬೀಳುತ್ತಿತ್ತು. ಅವರು ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ನಾನು ಹಲಗೆಯ ಮೇಲೆ ಬರೆಯುತ್ತಿದ್ದಾಗ ಮಹದೇವ ಹಿಂದಿನಿಂದ ಹೇಳಿದ: “ಅಕ್ಕ ಇನ್ನ ಬರಲ್ಲ ಬುಡಿ ಸಾ. ಪರೀಕ್ಷೆಗೂ ಓಗಲ್ವಂತೆ.”

“ಯಾಕೆ?”

“ಅವ್ರೂರ್ ಅಂಗನವಾಡಿ ಟೀಚರ್ ರಿಟೈರ್ ಆದ್ರಲ್ಲ, ಆ ಜಾಗಕ್ಕೆ ಅರ್ಜಿ ಕರ್ದವ್ರೆ. ಅದೇ ಊರೋರಾಗಿರ್ಬೇಕು, ಪಿಯುಸಿ ಪಾಸಾಗಿರ್ಬೇಕು. ಈ ಸಲ ಪಾಸಾದ್ರೆ ಉಂಟು, ಇಲ್ದಿದ್ರೆ ಬ್ಯಾರೆಯೋರ್ಗೆ ಓಯ್ತದೆ. ಆ ಜಾಗ ಇನ್ನ ಮೂವತ್ತು ವರ್ಷ ಖಾಲಿಯಾಗಲ್ಲ ಸಾ. ನಿಮ್ಗೆ ಏಳಿರ್ನಿಲ್ವಾ?”

ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಕಂಠಪಾಠದ ಕೇಡಿನ ಬಗ್ಗೆ ಇಪ್ಪತ್ತು ದಿನ ಮಾತನಾಡಿದ್ದ ನಾನು, ಮನೆ, ಮಗು, ಹೊಲ ಬಿಟ್ಟು ದಿನವೂ ಬಸ್ಸು ಹತ್ತಿ ಬರುವವರನ್ನು ಏಕೆ ಬರುತ್ತೀರಿ ಎಂದು ಒಂದು ಬಾರಿಯೂ ವಿಚಾರಿಸಿರಲಿಲ್ಲ.

ಪಾಠ ಮುಗಿದ ಮೇಲೆ ಒಬ್ಬನೇ ಕುಳಿತೆ. ಪುಸ್ತಕವೇ ಬೇಕಿದ್ದರೆ ಪೇಟೆಯ ಯಾವ ಅಂಗಡಿಯಲ್ಲಾದರೂ ಇನ್ನೊಂದು ಜೆರಾಕ್ಸ್ ಮಾಡಿಸಬಹುದಿತ್ತು. ಆ ಹಳೆಯ ಪ್ರತಿಯೇ ಏಕೆ ಬೇಕಾಯಿತು? ಬೀಗ ತೆಗೆದು ನಾಗರತ್ನರ ಪುಸ್ತಕವನ್ನು ಮೊದಲ ಬಾರಿಗೆ ಬಿಡಿಸಿದೆ.

ಪುಟಗಳ ಅಂಚೆಲ್ಲ ಪೆನ್ಸಿಲ್ ಬರಹದಿಂದ ತುಂಬಿತ್ತು. ಒಂದೆಡೆ ಎಣ್ಣೆಯ ಕೈಗುರುತು, ಇನ್ನೊಂದೆಡೆ ಮಗು ಗೀಚಿದ ಗೆರೆಗಳು. ಅಚ್ಚಾದ ಪ್ರತಿಯೊಂದು ಉತ್ತರದ ಪಕ್ಕದಲ್ಲೂ ‘ಇದು ಎಲ್ಲಿಂದ ಬಂತು?’ ಎಂಬ ಪ್ರಶ್ನೆ, ಅದರ ಕೆಳಗೆ ಅವರೇ ಮಾಡಿ ನೋಡಿದ ಚಿಕ್ಕ ಲೆಕ್ಕ, ಕೊನೆಗೆ ‘ಬಂತು’ ಎಂಬ ಒಂದು ಪದ. ‘ಬಂತು’ ಎಂದು ಬರೆದ ಲೆಕ್ಕಗಳನ್ನು ಎಣಿಸಿದೆ. ಮೂವತ್ತೆರಡು ಇದ್ದವು. ಲೀನಿಯರ್ ಪ್ರೋಗ್ರಾಮಿಂಗ್ ಪುಟದಲ್ಲಿ, ಬೆಳೆಯ ಲೆಕ್ಕದ ಪಕ್ಕ, ಅವರು ಹೀಗೆ ಬರೆದಿದ್ದರು: ‘ಈ ಹೊಲಕ್ಕೆ ಆನೆ ಬರಲ್ಲ ಅಂತ ಇಟ್ಕೊ. ಆಮೇಲೆ ಮಾಡು.’

ಆ ಸಾಲನ್ನು ಹಲವು ಬಾರಿ ಓದಿದೆ. ಗಣಿತದಲ್ಲಿ ಊಹೆಯೊಂದನ್ನು ಒಪ್ಪಿಕೊಂಡು ಮುಂದುವರಿಯುವುದೆಂದರೇನು ಎಂಬುದನ್ನು ಅವರು ನನ್ನ ತರಗತಿಗೆ ಬರುವ ಮೊದಲೇ ತಾವಾಗಿ ಕಂಡುಕೊಂಡಿದ್ದರು. ಅಂದು ಅವರು ಆಡಿದ್ದು ತಮಾಷೆಯ ಮಾತು. ಅದನ್ನು ಸಿದ್ಧಾಂತ ಮಾಡಿ, ಬಂದಿದ್ದ ಲೆಕ್ಕವನ್ನು ಮರೆಸಿದವನು ನಾನು. ಕಂಠಪಾಠವೆಂದು ನಾನು ಬೀಗ ಜಡಿದದ್ದು ಒಬ್ಬರ ತಿಳಿವಳಿಕೆಗೆ.

ಪುಸ್ತಕ ಹಿಡಿದು ನಾಗರತ್ನರ ಊರಿಗೆ ಮಧ್ಯಾಹ್ನದ ಬಸ್ಸು ಹತ್ತಿದೆ. ಮನೆಯ ಜಗುಲಿಯಲ್ಲಿ ಅವರ ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನನ್ನ ಪರಿಚಯ ಹೇಳಿದೆ.

“ಓ, ಬೀಗ ಜಡ್ದ ಮೇಷ್ಟ್ರು ನೀನೇಯಾ?” ಎಂದು ತಲೆಯಿಂದ ಕಾಲಿನವರೆಗೆ ನೋಡಿದರು. “ಒಲೆ ಪಕ್ಕ ಆ ಪುಸ್ತಕ ಇಟ್ಕಂಡೇ ಮುದ್ದೆ ತಿರುವೋಳು ಕನಪ್ಪ ನನ್ ಸೊಸೆ. ಎರಡ್ಸಲ ಸೀದೋಗದೆ. ನಾನೇ ಒಂದ್ ಮಾತ ಅನ್ನಿಲ್ಲ. ನೀನು ಕಿತ್ಕಂಡೆ.”

ನಾಗರತ್ನ ಹಿಂದಿನ ಹೊಲದಲ್ಲಿ ಚೆಂಡುಹೂವು ಕೊಯ್ಯುತ್ತಿದ್ದರು. ನಾನು ಬದುವಿನ ಮೇಲೆ ನಿಂತು ಪುಸ್ತಕ ಚಾಚಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡರು.

“ಅಂಗನವಾಡಿಯ ವಿಷಯ ನನಗೆ ಯಾಕೆ ಹೇಳಲಿಲ್ಲ?” ಎಂದೆ.

“ನೀವು ಕೇಳ್ಲಿಲ್ಲ ಸಾ. ನೀವು ಏಳ್ತಿದ್ರಿ, ನಾವು ಕೇಳ್ತಿದ್ದೊ.”

ತಪ್ಪಾಯಿತು ಎಂದಷ್ಟೇ ಹೇಳಿದೆ. ಇನ್ನು ನಾಲ್ಕು ದಿನ ಉಳಿದಿತ್ತು. ಅವರು ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಬತ್ತೀನಿ. ಭಾಷಣ ಬ್ಯಾಡ, ಲೆಕ್ಕ ಮಾತ್ರ” ಎಂದರು.

ಮಿಕ್ಕ ಮೂವರಿಗೂ ಪುಸ್ತಕ ಹಿಂದಿರುಗಿಸಿದೆ. ಮಹದೇವನದು ಹೊಚ್ಚ ಹೊಸದಾಗಿತ್ತು. “ನಂದು ಬೀಗ ಆಕುದ್ರೂ ಒಂದೇ, ತಗುದ್ರೂ ಒಂದೇ ಸಾ” ಎಂದ. ನಾಲ್ಕು ದಿನ ನಾನು ಕೇಳಿದೆ, ಅವರು ಮಾಡಿ ತೋರಿಸಿದರು. ನಾಗರತ್ನರ ‘ಬಂತು’ಗಳು ಒಂದೊಂದಾಗಿ ಮರಳಿ ಬರತೊಡಗಿದವು. ಆದರೆ ಬೆಳೆಯ ಲೆಕ್ಕ ಬಂದಾಗಲೆಲ್ಲ ಅವರ ಪೆನ್ನು ಒಂದು ಗಳಿಗೆ ತಡೆಯುತ್ತಿತ್ತು. ಆ ತಡೆ ನಾನು ಬಿತ್ತಿದ್ದು.

ಪರೀಕ್ಷೆಯ ಕೇಂದ್ರ ಚಾಮರಾಜನಗರದಲ್ಲಿತ್ತು. ಹತ್ತು ಗಂಟೆಗೆ ಆರಂಭ. ಏಳೂವರೆಗೆಲ್ಲ ಗುಂಡ್ಲುಪೇಟೆ ನಿಲ್ದಾಣದಲ್ಲಿ ಸೇರಿ ಎಂಟರ ಬಸ್ಸಿಗೆ ಹೋಗುವುದೆಂದು ಮಾತಾಗಿತ್ತು. ಎಂಟಾದರೂ ನಾಗರತ್ನ ಬರಲಿಲ್ಲ. ಫೋನು ಸಿಗಲಿಲ್ಲ. ಇಬ್ಬರು ಹುಡುಗಿಯರನ್ನು ಬಸ್ಸು ಹತ್ತಿಸಿದೆ. ಮಹದೇವ ಹತ್ತಲಿಲ್ಲ.

“ನೀನು ಹೋಗಪ್ಪ, ನಾನು ಕಾಯುತ್ತೇನೆ” ಎಂದೆ.

“ಅಕ್ಕ ಬರ್ಲಿ ಸಾ. ನಾನು ಬೇಗ ಓಗಿ ಏನ್ ಕಡ್ದು ಕಟ್ಟೆ ಆಕ್ಬೇಕು?”

ಎಂಟೂ ಕಾಲು, ಎಂಟೂವರೆ. ಆ ಕಡೆಯಿಂದ ಬಂದ ಜೀಪಿನವನೊಬ್ಬ, ಕಾಡಂಚಿನ ತಿರುವಿನಲ್ಲಿ ಆನೆಗಳು ರಸ್ತೆಗೆ ಇಳಿದಿವೆ, ಬಸ್ಸು ನಿಂತಿದೆ ಎಂದ. ಈಗ ಇಬ್ಬರ ಪರೀಕ್ಷೆ ನನ್ನ ಕಣ್ಣೆದುರೇ ಕೈಜಾರುತ್ತಿತ್ತು. ಮಹದೇವ ನನ್ನನ್ನು ಅಲ್ಲೇ ನಿಲ್ಲಿಸಿ ಮಾರುಕಟ್ಟೆಯ ಕಡೆ ಓಡಿದ.

ಎಂಟೂ ಐವತ್ತಕ್ಕೆ ಬಸ್ಸು ಬಂತು. ನಾಗರತ್ನ ಇಳಿಯುವಷ್ಟರಲ್ಲಿ ಎಲೆಕೋಸು ತುಂಬಿದ ಪಿಕಪ್ ಗಾಡಿಯೊಂದು ಪಕ್ಕಕ್ಕೆ ಬಂದು ನಿಂತಿತು. ಮಹದೇವನ ತಂದೆ ತುಂಬಿಸಿದ ಗಾಡಿ, ಚಾಮರಾಜನಗರಕ್ಕೆ ಹೊರಟದ್ದು. ಅವರೇ ಗಾಡಿಯಿಂದಿಳಿದು ನಾಗರತ್ನರಿಗೆ ಮುಂದಿನ ಬಾಗಿಲು ತೆಗೆದು, ನನ್ನನ್ನೂ ಮಹದೇವನನ್ನೂ ಮೂಟೆಗಳ ಮೇಲೆ ಹತ್ತಿಸಿದರು. ನನಗೆ ಹತ್ತಲು ತಮ್ಮ ಹೆಗಲನ್ನೇ ಕೊಟ್ಟರು. ಮೊದಲ ದಿನ ನಾನಾಡಿದ ಮಾತು ನೆನಪಾಗಿ ಅವರ ಮುಖ ನೋಡಲಾಗಲಿಲ್ಲ.

ತೆರಕಣಾಂಬಿಯಲ್ಲಿ ಕುರಿಮಂದೆ ಅಡ್ಡ ಬಂದು ಐದು ನಿಮಿಷ ಹೋಯಿತು. ಮುಂದಿನ ಕಿಟಕಿಯಿಂದ ಗಾಳಿಗೆ ಪಟಪಟಿಸುತ್ತಿದ್ದ ಜೆರಾಕ್ಸ್ ಪುಟಗಳ ಸದ್ದು ಮೇಲಕ್ಕೆ ಕೇಳುತ್ತಿತ್ತು. ಕೇಂದ್ರದ ಗೇಟು ತಲುಪಿದಾಗ ಹತ್ತಕ್ಕೆ ಎರಡು ನಿಮಿಷವಿತ್ತು. ಕಾವಲಿನವರು ಅರ್ಧ ಗೇಟು ಎಳೆದಿದ್ದರು. ನಾಗರತ್ನ ಪುಸ್ತಕವನ್ನು ನನ್ನ ಕೈಗೆ ತುರುಕಿ, ಪ್ರವೇಶಪತ್ರ ಹಿಡಿದು ಓಡಿದರು. ಹಿಂದೆಯೇ ಮಹದೇವ, ತಲೆಗೂದಲಲ್ಲಿ ಎಲೆಕೋಸಿನ ಎಲೆ ಅಂಟಿಸಿಕೊಂಡೇ ಓಡಿದ.

ಮೂರು ಗಂಟೆಗಳ ಕಾಲ ಎದುರಿನ ಹೊಂಗೆ ಮರದ ಕೆಳಗೆ ಆ ಪುಸ್ತಕ ಹಿಡಿದು ಕುಳಿತೆ. ಬೆಳೆಯ ಲೆಕ್ಕ ಬಂದರೆ ಅವರು ಯಾರ ಮಾತು ಕೇಳುತ್ತಾರೆ, ತಮ್ಮದೋ ನನ್ನದೋ? ನನ್ನ ಮಾತು ಸೋಲಲೆಂದು ನಾನು ಹಂಬಲಿಸಿದ್ದು ಬದುಕಿನಲ್ಲಿ ಅದೇ ಮೊದಲು.

ಹೊರಗೆ ಬಂದ ನಾಗರತ್ನ ನನ್ನನ್ನು ಕಂಡು ದೂರದಿಂದಲೇ ಹೇಳಿದರು: “ಬೆಳೆ ಲೆಕ್ಕ ಬಂದಿತ್ತು ಸಾ. ಬೆಳಿಗ್ಗೆ ಆನೆ ಎದುರ್ಗೇ ನಿಂತಿದ್ದದ್ದ ಕಣ್ಣಾರೆ ನೋಡ್ಕ ಬಂದೂವೆ, ಆನೆ ಬರಲ್ಲ ಅಂತ್ಲೇ ಇಟ್ಕಂಡು ಮಾಡ್ದೆ.”

“ಉತ್ತರ?”

“ಬಂತು.”

ಫಲಿತಾಂಶ ಬಂದಾಗ ಅವರಿಗೆ ನಲವತ್ಮೂರು ಅಂಕ ಬಂದಿತ್ತು. ಹುಡುಗಿಯರಿಬ್ಬರೂ ಪಾಸಾದರು. ಮಹದೇವನಿಗೆ ಇಪ್ಪತ್ತೊಂಬತ್ತು. ಅವನಿಗೆ ಕಡಿಮೆಬಿದ್ದ ಆರು ಅಂಕಗಳಲ್ಲಿ ನನ್ನ ಪಾಲೆಷ್ಟು ಎಂಬ ಲೆಕ್ಕವನ್ನು ನಾನು ಇನ್ನೂ ಬಿಡಿಸಿಲ್ಲ. ಮರುವರ್ಷ ಅವನೂ ಪಾಸಾದ. ಆ ವರ್ಷವೆಲ್ಲ ನಾನು ಅವನಿಗೆ ಪಾಠ ಹೇಳಿದ್ದು ಅವನ ಮನೆಯಲ್ಲಿ, ಅವನ ತಂದೆಯ ಎದುರಿಗೆ.

ನಾಗರತ್ನ ಈಗ ತಮ್ಮ ಊರಿನ ಅಂಗನವಾಡಿಯ ಟೀಚರ್. ಕಂಠಪಾಠವನ್ನು ನಾನು ಇಂದಿಗೂ ವಿರೋಧಿಸುತ್ತೇನೆ, ಆ ವಾದವನ್ನು ಬಿಟ್ಟಿಲ್ಲ. ಆದರೆ ಹೊಸ ತಂಡ ಬಂದಾಗ ಮೊದಲ ದಿನ ಈಗ ಭಾಷಣವಿಲ್ಲ. ಅವರ ಪುಸ್ತಕಗಳನ್ನು ಕೇಳಿ ತೆಗೆದುಕೊಂಡು, ಅಂಚಿನಲ್ಲಿ ಏನು ಬರೆದುಕೊಂಡಿದ್ದಾರೆಂದು ಒಂದೊಂದೇ ಪುಟ ಓದುತ್ತೇನೆ. ಓದಿ ಮುಗಿಯುವವರೆಗೂ ಅವರು ಕಾಯುತ್ತಾರೆ. ಆ ಬೀರು ಅದೇ ಕೋಣೆಯಲ್ಲಿದೆ. ಅದಕ್ಕೆ ಬೀಗ ಹಾಕುವುದನ್ನು ಬಿಟ್ಟಿದ್ದೇನೆ.