ಕಾಪುವಿನ ಪೊರ್ಬುಗಳು ಆರಿಸಿದ ದ್ವೀಪ

ಅವರ ಬಲಗೈಯ ತೋರುಬೆರಳು ಮೊದಲ ಗೆಣ್ಣಿನಲ್ಲಿ ಎಡಕ್ಕೆ ಬಾಗಿತ್ತು. ಮೂರನೆಯ ಕಾರ್ಬನ್ ಪ್ರತಿಯಲ್ಲೂ ಅಕ್ಷರ ಮೂಡಬೇಕೆಂದು ಮೂವತ್ತು ವರ್ಷ ಪೆನ್ನನ್ನು ಒತ್ತಿ ಒತ್ತಿ ಹಾಗಾದದ್ದು. ಕಾರ್ಬನ್ ಕಾಲ ಮುಗಿದು ಕಂಪ್ಯೂಟರ್ ಬಂದ ಮೇಲೂ ಕೀಲಿಗಳನ್ನು ಅದೇ ಬೆರಳಲ್ಲಿ, ಅದೇ ಬಲದಲ್ಲಿ ಕುಟ್ಟುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಒಳಗೆ ಯಾರೋ ಅಡಿಕೆ ಜಜ್ಜಿದಂತೆ ಕೇಳುತ್ತಿತ್ತು.

ಕಾಪು ಪೇಟೆಯಿಂದ ಲೈಟ್‌ಹೌಸಿಗೆ ತಿರುಗುವ ರಸ್ತೆಯಲ್ಲಿ ಅವರ ಟ್ರಾವೆಲ್ಸ್ ಆಫೀಸು, ಮನೆ ಶಂಕರಪುರದಲ್ಲಿ. ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯರನ್ನು ನಾವು ತುಳುವರು ಪೊರ್ಬುಗಳು ಎನ್ನುತ್ತೇವೆ. ನನ್ನ ಬಾಯಲ್ಲಿ ಅವರು ಕೊನೆಯವರೆಗೂ ಪೊರ್ಬುಗಳೇ. ಈ ಕಡೆಯಿಂದ ಗಲ್ಫಿಗೆ ಹೋದ ಅದೆಷ್ಟೋ ಮಂದಿಯ ಅರ್ಜಿ ತುಂಬಿಸಿದ್ದು ಆ ಬೆರಳು. ಕುಕ್ಕುಂದೂರಿನ ನನ್ನ ಅಪ್ಪನದ್ದೂ.

ಅವರ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಅರ್ಜಿಯಲ್ಲಿ ಕಾಯಿಲೆಗಳ ಪುಟ ಬಂತೆಂದರೆ ಎದುರು ಕೂತವರನ್ನು ಕೇಳುವುದನ್ನೇ ಬಿಡುತ್ತಿದ್ದರು. ಸಕ್ಕರೆ ಕಾಯಿಲೆ? ಇಲ್ಲ. ರಕ್ತದೊತ್ತಡ? ಇಲ್ಲ. ಆಪರೇಶನ್? ಇಲ್ಲ. ತಾವೇ ಪ್ರಶ್ನೆ ಓದಿ, ತಾವೇ ಉತ್ತರ ಹೇಳಿ, ತಾವೇ ಗುರುತು ಹಾಕಿ ಸರಸರನೆ ಕೆಳಗಿಳಿಯುತ್ತಿದ್ದರು. ಯಾರಾದರೂ ಬಾಯಿ ತೆರೆದರೆ ಬಾಗಿದ ಬೆರಳು ಮೇಲೇಳುತ್ತಿತ್ತು. "ಫಾರ್ಮಿನಲ್ಲಿ ಕಾಯಿಲೆ ಬರೆಯಬಾರದು ಮಾರಾಯ. ಬರೆದರೆ ಕಾಯಿಲೆ ಗುಣ ಆಗುವುದಿಲ್ಲ, ವೀಸಾ ಮಾತ್ರ ಹೋಗುತ್ತದೆ."

ಒಂದು ಕಡೆ 'ಹೌದು' ಎಂದು ಬರೆದು ಮುಂಬಯಿಯಿಂದಲೇ ವಾಪಸು ಬಂದವರ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಪ್ಪನಿಗೆ ಬಿಪಿ ಇತ್ತು. ಪೊರ್ಬುಗಳು 'ಇಲ್ಲ' ಎಂದರು, ಅಪ್ಪ ಹದಿನೆಂಟು ವರ್ಷ ಬಹರೈನಿನಲ್ಲಿ ದುಡಿದರು. ನನ್ನ ಓದು, ನನ್ನ ಮದುವೆ, ಕುಕ್ಕುಂದೂರಿನ ಮನೆಯ ತಾರಸಿ ಎಲ್ಲ ನಿಂತದ್ದು ಆ ಒಂದು 'ಇಲ್ಲ'ದ ಮೇಲೆ. ಹಾಗಾಗಿ ಅದು ಸುಳ್ಳು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಅರ್ಜಿ ತುಂಬಿಸುವ ಶಾಸ್ತ್ರವೇ ಹಾಗೆ ಎಂದುಕೊಂಡಿದ್ದೆ.

ಇಷ್ಟು ಜನರನ್ನು ವಿಮಾನ ಹತ್ತಿಸಿದ ಮನುಷ್ಯ ಸ್ವತಃ ಮಹಾ ಪುಕ್ಕಲ. ಒಮ್ಮೆಯೂ ವಿಮಾನ ಹತ್ತಿದವರಲ್ಲ. ಕಡಲು ಕೂಗಳತೆಯಲ್ಲಿದ್ದರೂ ಅದರಲ್ಲಿ ಪಾದ ತೋಯಿಸಿದವರಲ್ಲ. ಅವರ ಇಗರ್ಜಿಯ, ಅಂದರೆ ಚರ್ಚಿನ, ಜನರೆಲ್ಲ ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಪಿಕ್‌ನಿಕ್ ಹೋದಾಗ ಇವರು ಹತ್ತದೆ ದೋಣಿಗಳು ನಿಲ್ಲುವ ಧಕ್ಕೆಯಲ್ಲೇ ಕೂತು ಎಲ್ಲರ ಚಪ್ಪಲಿ ಕಾದರಂತೆ. ತಮ್ಮಲ್ಲಿ ಟಿಕೆಟ್ ಮಾಡಿಸಿದವರು ಹೋದ ಊರು ಮುಟ್ಟಿದ ಸುದ್ದಿ ಬರುವವರೆಗೆ ಊಟಕ್ಕೆ ಕೂರುತ್ತಿರಲಿಲ್ಲ. "ಮುಟ್ಟಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಿ, ಇಲ್ಲದಿದ್ದರೆ ನನಗೆ ಗಂಜಿ ಇಳಿಯುವುದಿಲ್ಲ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ನಗುವ ಯೋಗ್ಯತೆ ನನಗೇನೂ ಇರಲಿಲ್ಲ. ಕುಕ್ಕುಂದೂರಿನವಳಿಗೆ ನೀರೆಂದರೆ ಬಾವಿ, ಅದರೊಳಗೂ ಬಗ್ಗಿ ನೋಡಬೇಡ ಎಂದೇ ನನ್ನನ್ನು ಬೆಳೆಸಿದ್ದರು.

ಆದರೆ ಮದುವೆಯಾದದ್ದು ಉಚ್ಚಿಲದವರನ್ನು. ಉದ್ದಕ್ಕೆ, ಸಪೂರಕ್ಕೆ ಇರುವ ನಮ್ಮವರು ಕಡಲ ಬದಿಯಲ್ಲಿ ಹುಟ್ಟಿದವರು. ನಡೆಯುವ ಮೊದಲೇ ಈಜಿದೆ ಎಂದು ಹೇಳಿಕೊಳ್ಳುತ್ತಾರೆ, ಅದಕ್ಕೆ ಸಾಕ್ಷಿ ಅವರೊಬ್ಬರೇ. ಮದುವೆಗೆ ಹತ್ತು ವರ್ಷ ತುಂಬುವಾಗ ಅವರಿಗೆ ಒಂದೇ ಹಟ, ಸ್ಕೂಬಾ ಡೈವಿಂಗ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲ ತಳಕ್ಕೆ ಇಳಿದು ಮೀನು ನೋಡುವುದು. ಮೀನನ್ನು ಉಚ್ಚಿಲದಲ್ಲಿ ಬುಟ್ಟಿಯಲ್ಲೇ ನೋಡಬಹುದಲ್ಲ ಎಂದೆ, ಕೇಳಲಿಲ್ಲ. ಮಣಿಪಾಲದ ನಮ್ಮ ಫ್ಲಾಟಿನಲ್ಲಿ ಒಂದು ತಿಂಗಳು ಊಟದ ಮೇಜಿನ ಮೇಲೆ ದ್ವೀಪಗಳದ್ದೇ ಮಾತು. ಮಾಲ್ದೀವ್ಸ್‌ನಲ್ಲಿ ಕಂಬಳಿಯಷ್ಟು ಅಗಲದ ತೊರಕೆ ಮೀನು, ಥಾಯ್ಲೆಂಡಿನಲ್ಲಿ ತಳ ಕಾಣುವ ನೀರು, ಲಕ್ಷದ್ವೀಪದಲ್ಲಿ ಆಮೆ, ಅಂಡಮಾನಿನಲ್ಲಿ ಹವಳ. ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಮೊಣಕಾಲಿನವರೆಗೆ ಮಾತ್ರ ನೀರಿರುವ ದ್ವೀಪ ಯಾವುದಾದರೂ ಉಂಟಾ?

ತೀರ್ಮಾನವಾಗದೆ ಪೊರ್ಬುಗಳ ಹತ್ತಿರ ಹೋದೆವು. ಅವರು ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ, ನಾಲ್ಕು ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಒಂದು ಉದ್ದದ ಗೆರೆ ಎಳೆದರು. ಗೆರೆಯ ಆಚೆ ಮೇಲೆ ಬರೆದದ್ದು ಇಷ್ಟೇ: ಡಾಕ್ಟರು ಎಷ್ಟು ದೂರ?

"ಮೀನು ಎಲ್ಲ ಕಡೆ ಉಂಟು, ಅದನ್ನು ಬಿಡಿ" ಎಂದರು. "ಈ ಮಾಲ್ದೀವ್ಸ್‌ನಲ್ಲಿ ಹೋಟೆಲು ಒಂದು ದ್ವೀಪದಲ್ಲಿ, ಆಸ್ಪತ್ರೆ ಇನ್ನೊಂದು ದ್ವೀಪದಲ್ಲಿ. ಹೊಟ್ಟೆನೋವು ಬಂದರೂ ದೋಣಿ ಹತ್ತಬೇಕು. ಬೇಡ. ಥಾಯ್ಲೆಂಡಿನಲ್ಲಿ ಆಸ್ಪತ್ರೆ ಒಳ್ಳೆಯದುಂಟಂತೆ. ಆದರೆ ನೋವು ಎಲ್ಲಿ ಅಂತ ಯಾವ ಭಾಷೆಯಲ್ಲಿ ಹೇಳುತ್ತೀರಿ?"

"ಕೈಯಲ್ಲಿ ತೋರಿಸಿದರಾಯಿತು" ಎಂದರು ನಮ್ಮವರು.

"ಕೈ ಎತ್ತಲಿಕ್ಕೇ ಆಗದಿದ್ದರೆ ಎಂತ ಮಾಡುವುದು?"

ನಮ್ಮವರು ಜೋರಾಗಿ ನಕ್ಕರು. ಲಕ್ಷದ್ವೀಪದಿಂದ ದೊಡ್ಡ ಕಾಯಿಲೆಯವರನ್ನು ಕೊಚ್ಚಿಗೆ ಒಯ್ಯಬೇಕಾಗುತ್ತದೆ ಎಂದು ಪೊರ್ಬುಗಳು ಅದನ್ನೂ ಹೊಡೆದು ಹಾಕಿದರು. ಉಳಿದದ್ದು ಅಂಡಮಾನ್. "ಪೋರ್ಟ್ ಬ್ಲೇರಿನಲ್ಲಿ ದೊಡ್ಡಾಸ್ಪತ್ರೆ ಉಂಟು, ಹಿಂದಿ ನಡೆಯುತ್ತದೆ, ಅನ್ನ ಸಿಗುತ್ತದೆ. ಹೋಗಲೇಬೇಕೆಂದರೆ ಅಲ್ಲಿಗೆ ಹೋಗಿ. ಹೋಗದಿದ್ದರೆ ಇನ್ನೂ ಒಳ್ಳೆಯದು." ಟಿಕೆಟ್ ಮಾರುವವರ ಬಾಯಲ್ಲಿ ಇಂಥ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಡೈವಿಂಗಿನವರು ಈಮೇಲಿನಲ್ಲಿ ಒಂದು ಫಾರ್ಮು ಕಳಿಸಿದರು. ನಾನು ನೀರಿಗಿಳಿಯುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದ ಅದು ನಮ್ಮವರೊಬ್ಬರದ್ದೇ. ಅವರಿಗೆ ಪುರುಸೊತ್ತಿಲ್ಲದೆ ನಾನೇ ಕಾಪುವಿಗೆ ಹೋಗಿದ್ದೆ. ಎರಡು ಪುಟ ತುಂಬ ಕಾಯಿಲೆಗಳು. ಪೊರ್ಬುಗಳು ತಮ್ಮ ಪದ್ಧತಿಯಂತೆ ಶುರು ಮಾಡಿದರು. ಹೃದಯ? ಇಲ್ಲ. ಫಿಟ್ಸ್? ಇಲ್ಲ. ಶ್ವಾಸಕೋಶ?

"ಮದುವೆಗೆ ಮೊದಲು ಒಮ್ಮೆ ಇವರಿಗೆ ಶ್ವಾಸಕೋಶದಿಂದ ಗಾಳಿ ಸೋರಿ, ಎದೆಗೆ ಟ್ಯೂಬು..." ಎಂದೆ.

ಬೆರಳು ಮೇಲೆ ಎದ್ದಿತು. "ಹಳೆಯದು ಅಲ್ವಾ ಮಗಳೇ?"

"ಹಳೆಯದೇ. ಹನ್ನೆರಡು ವರ್ಷ ಆಯಿತು."

"ಹಾಗಾದರೆ ಇಲ್ಲ."

ಮುಗಿದ ಫಾರ್ಮನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಹಲ್ಲಿ ಲೊಚಗುಟ್ಟಿದರೂ ಹೆದರುವ ನಾನು ಅಲ್ಲಿ ಮಾತ್ರ ಹೆದರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಮನೆಯಲ್ಲಿ ನಮ್ಮವರು ಓದದೆ ಸಹಿ ಹಾಕಿದರು.

ಅಂಡಮಾನ್ ಮುಟ್ಟಿ ಮಿಸ್ಡ್ ಕಾಲ್ ಕೊಟ್ಟೆವು. ಮರುದಿನ ಲಾಂಚಿನಲ್ಲಿ ಡೈವಿಂಗಿನ ದ್ವೀಪಕ್ಕೆ ಹೋದೆವು. ಅದರ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಡೈವಿಂಗ್. ದ್ವೀಪದಲ್ಲಿ ನಮ್ಮ ಮೊಬೈಲುಗಳಿಗೆ ಸಿಗ್ನಲ್ ಇರಲಿಲ್ಲ. ನೀರು ನಿಜಕ್ಕೂ ಚಂದವಿತ್ತು, ನಾನು ಮಾತ್ರ ದಂಡೆಯಲ್ಲಿ ಅಲೆ ತಲುಪದಷ್ಟು ಮೇಲೆ ನಿಂತಿದ್ದೆ. ನಮ್ಮವರು ಕಪ್ಪು ರಬ್ಬರಿನ ಅಂಗಿ ತೊಟ್ಟು, ಸಿಲಿಂಡರ್ ಹೊತ್ತು, ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದರು. ಕಲಿಸುವ ಹುಡುಗಿ ತಮಿಳಿನವಳು. ನೀರಿನ ಕೆಳಗೆ ಮಾತಾಡಲಾಗದ್ದರಿಂದ ಕೈಸನ್ನೆ ಹೇಳಿಕೊಡುತ್ತಿದ್ದಳು. ಚೆನ್ನಾಗಿದ್ದೇನೆ ಎನ್ನುವುದಕ್ಕೆ ಒಂದು ಸನ್ನೆ, ಮೇಲೆ ಹೋಗೋಣ ಎನ್ನುವುದಕ್ಕೆ ಒಂದು, ಉಸಿರಾಡಲು ಆಗುತ್ತಿಲ್ಲ ಎನ್ನುವುದಕ್ಕೆ ಒಂದು. ಆ ಮೂರನೆಯದನ್ನು ನಮ್ಮವರು ನನ್ನ ಕಡೆ ತಿರುಗಿ, ಕಣ್ಣು ಮಿಟುಕಿಸಿ, ತಮಾಷೆಗೆ ಮಾಡಿ ತೋರಿಸಿದರು.

ಆಗ ದಂಡೆಯ ಗುಡಿಸಲಿನ ಆಫೀಸಿನಿಂದ ಒಬ್ಬ ಹೊರಬಂದು, ಉಡುಪಿಯವರು ಯಾರು, ಫೋನು ಉಂಟು, ಮಾತಾಡುವವರು ಅಳುತ್ತಿದ್ದಾರೆ ಎಂದು ಹಿಂದಿಯಲ್ಲಿ ಕೂಗಿದ. ಅಪ್ಪನಿಗೆ ಏನೋ ಆಯಿತು ಎಂದುಕೊಂಡೇ ಓಡಿದೆ.

"ಮಗಳೇ, ಇಳಿದರಾ? ನೀರಿಗೆ ಇಳಿದರಾ?" ಪೊರ್ಬುಗಳ ಧ್ವನಿ ಎಂದು ಗುರುತು ಸಿಗಲೇ ಸ್ವಲ್ಪ ಹೊತ್ತು ಬೇಕಾಯಿತು.

"ಸೊಂಟದವರೆಗೆ..."

"ಮೇಲೆ ಕರೆ! ನಾನು ಸುಳ್ಳು ಬರೆದೆ ಮಗಳೇ. ಗಾಳಿ ಸೋರಿದವರು ಇಳಿಯಲೇಬಾರದಂತೆ. ಎದೆಯ ಒಳಗೆ ಒಡೆಯುತ್ತದಂತೆ. ದೆವಾ, ಕರೆ ಅವರನ್ನು!"

ಹೊರಗೆ ಬಂದು ನೋಡಿದರೆ ಸೊಂಟದ ನೀರಿನಲ್ಲಿ ಯಾರೂ ಇರಲಿಲ್ಲ.

ಆ ಗಳಿಗೆಯನ್ನು ಬರೆಯುವುದು ಹೇಗೆಂದು ನನಗೆ ಗೊತ್ತಿಲ್ಲ. ನೀರು ನುಣ್ಣಗೆ ಇತ್ತು. ಬಿಸಿಲು ಹೊಳೆಯುತ್ತಿತ್ತು. ಸ್ವಲ್ಪ ದೂರದಲ್ಲಿ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ನಾನು ಚೂಡಿದಾರದಲ್ಲೇ ನೀರಿಗೆ ನುಗ್ಗಿದೆ. ಮೊಣಕಾಲು, ಸೊಂಟ, ಎದೆ. ಕಾಲ ಕೆಳಗೆ ಮರಳು ಜಾರಿತು, ಉಪ್ಪುನೀರು ಮೂಗಿಗೆ ಹೊಕ್ಕಿತು. ನಾನು ಸಾಯುತ್ತೇನೆ ಎಂದು ಖಂಡಿತವಾಗಿ ಅನ್ನಿಸಿತು, ಆದರೂ ನೀರನ್ನು ಎರಡೂ ಕೈಯಿಂದ ಬಡಿಯುತ್ತ ಕಿರುಚಿದೆ. ಮೊದಲು ಎದ್ದದ್ದು ಆ ಹುಡುಗಿಯ ತಲೆ, ಆಮೇಲೆ ನಮ್ಮವರದ್ದು. ಇಬ್ಬರೂ ನೀರಿನೊಳಗೆ ಮೊಣಕಾಲೂರಿ ಉಸಿರಾಡುವ ಅಭ್ಯಾಸ ಮಾಡುತ್ತಿದ್ದರಂತೆ, ಆಳಕ್ಕೆ ಇನ್ನೂ ಹೋಗಿರಲಿಲ್ಲ.

ಶ್ವಾಸಕೋಶ, ಟ್ಯೂಬು ಎಂಬ ಎರಡೇ ಮಾತು ಸಾಕಾಯಿತು. ಹುಡುಗಿ ಏನೂ ವಾದಿಸದೆ, ಶಾಲೆಯಿಂದ ಬಂದ ಮಗುವಿನ ಚೀಲ ಇಳಿಸುವಂತೆ ನಮ್ಮವರ ಬೆನ್ನಿನಿಂದ ಸಿಲಿಂಡರ್ ಬಿಚ್ಚಿದಳು.

ಊರಿಗೆ ಬಂದ ಮೇಲೆ ಉಳಿದದ್ದು ತಿಳಿಯಿತು. ನಮ್ಮ ಮಿಸ್ಡ್ ಕಾಲ್ ಬಂದ ಮೇಲೂ ಪೊರ್ಬುಗಳಿಗೆ ಗಂಜಿ ಇಳಿಯಲಿಲ್ಲವಂತೆ. ನಾನು ಅರ್ಧಕ್ಕೆ ನಿಲ್ಲಿಸಿದ ಮಾತು ಗಂಟಲಲ್ಲಿ ಮುಳ್ಳಿನಂತೆ ಕೂತಿತ್ತಂತೆ. ಮೂರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಣಿಪಾಲಕ್ಕೆ ಹೋಗಿ, ಎದೆರೋಗದ ಡಾಕ್ಟರಿಗೆ ತಮ್ಮ ಹೆಸರಿನಲ್ಲೇ ಚೀಟಿ ಮಾಡಿಸಿ, ಕೆಮ್ಮುವವರ ಸಾಲಿನಲ್ಲಿ ಎರಡು ಗಂಟೆ ಕಾದರು. ಏನು ತೊಂದರೆ ಎಂದು ಡಾಕ್ಟರು ಕೇಳಿದಾಗ, "ನನಗೆ ಎಂತ ತೊಂದರೆಯೂ ಇಲ್ಲ ಸಾರ್, ನಾನೊಂದು ಫಾರ್ಮು ತುಂಬಿಸಿದ್ದೇನೆ" ಎಂದರಂತೆ. ಉತ್ತರ ಕೇಳಿ ಹೊರಗೆ ಬಂದವರು ಅಲ್ಲೇ ವರಾಂಡದಲ್ಲಿ ನಿಂತು, ತಮ್ಮಲ್ಲಿದ್ದ ಫಾರ್ಮಿನ ಪ್ರತಿಯ ತಲೆಯಲ್ಲಿದ್ದ ನಂಬರಿಗೆ ಫೋನು ಹಚ್ಚಿದರು.

ನಮ್ಮವರಿಗೆ ಇದರಲ್ಲಿ ಕಂಡದ್ದು ಅವಮಾನ ಮಾತ್ರ. ಅಷ್ಟು ದಿನದ ಆಸೆಯನ್ನು ಒಬ್ಬ ಹೆದರುಪುಕ್ಕಲ ಮುದುಕ ಹಾಳು ಮಾಡಿದ ಎಂದು ಮೂರು ವಾರ ಸಿಡುಕಿದರು. ಪೊರ್ಬುಗಳದ್ದು ಹುಚ್ಚು ಎಂದು ತೋರಿಸಿಕೊಡುತ್ತೇನೆ ಎಂದೇ ಎದೆಯ ಸ್ಕ್ಯಾನ್ ಮಾಡಿಸಿದರು. ಬಲ ಶ್ವಾಸಕೋಶದ ತುದಿಯಲ್ಲಿ ಸಾಬೂನಿನ ನೊರೆಯಂಥ ಸಣ್ಣ ಗುಳ್ಳೆಗಳಿದ್ದವು. ಆಳದಿಂದ ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗುತ್ತದೆ ಎಂದರು ಡಾಕ್ಟರು. ಆಗ ಈ ಗುಳ್ಳೆಗಳು ಒಡೆದರೆ ದಡ ಮುಟ್ಟುವ ಮೊದಲೇ ಜೀವ ಹೋಗಬಹುದಂತೆ. ಅವತ್ತಿನಿಂದ ನಮ್ಮವರ ಸಿಡುಕು ನಿಂತಿತು. ಪೊರ್ಬುಗಳ ಆಫೀಸಿಗೆ ಮಾತ್ರ ಹೋಗಲಿಲ್ಲ. ಬಯ್ದ ಬಾಯಲ್ಲಿ ಏನು ಹೇಳಲಿ ಎಂದು ತಪ್ಪಿಸಿಕೊಂಡರು.

ಪೊರ್ಬುಗಳೂ ಮೊದಲಿನಂತಿರಲಿಲ್ಲ. ಕಾಯಿಲೆಯ ಪುಟ ಬಂದರೆ ಪೆನ್ನು ಕೆಳಗಿಟ್ಟು, "ನನಗೆ ಹೇಳುವುದು ಬೇಡ, ಡಾಕ್ಟರಿಗೆ ಹೇಳಿ ಬನ್ನಿ" ಎನ್ನತೊಡಗಿದರು. ಜನ ಉಡುಪಿಯ ಬೇರೆ ಆಫೀಸುಗಳಿಗೆ ಹೋದರು. ಇವರು ಹಳೆಯ ಗಿರಾಕಿಗಳನ್ನು ನೆನಪಿಸಿಕೊಂಡು ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದರು. ಅಪ್ಪನಿಗೂ ಮಾಡಿ, "ಬಿಪಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ದಯವಿಟ್ಟು ಬಿಡಬೇಡಿ" ಎಂದರಂತೆ. ತಾವು 'ಇಲ್ಲ' ಎಂದು ಬರೆದುಕೊಟ್ಟವರು ಯಾರಾದರೂ ಎಲ್ಲಾದರೂ ಬಿದ್ದು ಸತ್ತಿರಬಹುದೇ ಎಂಬ ಹೆದರಿಕೆ ಅವರನ್ನು ಬಿಡಲಿಲ್ಲ. ನಾನು ಎಷ್ಟು ಸಮಾಧಾನ ಹೇಳಿದರೂ, "ನಿನಗೆ ಗೊತ್ತಿಲ್ಲ ಮಗಳೇ, ನಾನು ತುಂಬಿಸಿದ ಫಾರ್ಮು ಒಂದೆರಡಲ್ಲ" ಎನ್ನುತ್ತಿದ್ದರು.

ಕಳೆದ ಬೇಸಗೆಯಲ್ಲಿ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದಾಗ ನಮ್ಮವರೇ ಹೊರಡು ಎಂದರು. ಶಂಕರಪುರದ ಮನೆಯ ಚಾವಡಿಯಲ್ಲಿ ಅವರ ಹೆಂಡತಿ ಮಲ್ಲಿಗೆ ಕಟ್ಟುತ್ತಿದ್ದರು. ಒಳಗೆ ಪೊರ್ಬುಗಳು ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ದಿಂಬಿಗೆ ಒರಗಿದ್ದರು. ನಮ್ಮವರನ್ನು ಕಂಡ ಕೂಡಲೇ ಏಳಲು ನೋಡಿದರು.

"ಉಸಿರು ಸರಿ ಉಂಟಾ?" ಎಂದು ಅವರೇ ಕೇಳಿದರು.

ನಮ್ಮವರು ದಾರಿಯಲ್ಲಿ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದರು. ಅವರ ಕೈ ಹಿಡಿದು, "ಉಂಟು ಪೊರ್ಬುಗಳೇ" ಎಂದಷ್ಟೇ ಹೇಳಿ, ಅವರನ್ನು ಮತ್ತೆ ದಿಂಬಿಗೆ ಒರಗಿಸಿದರು.

ಹನ್ನೊಂದು ದಿನದ ಮೇಲೆ ಅವರು ತೀರಿಕೊಂಡರು. ಇಗರ್ಜಿಯಲ್ಲಿ ಪೂಜೆ ಮುಗಿದು ಪೆಟ್ಟಿಗೆ ಎತ್ತುವಾಗ ನಮ್ಮವರು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಎಡಗಡೆಯ ಹಿಡಿ ಹಿಡಿದರು. ಭಾರ ಎತ್ತಬೇಡಿ ಎನ್ನಲು ಬಾಯಿ ತೆರೆದವಳು ಅವರ ಹಿಂದೆಯೇ ಹೆಜ್ಜೆ ಹಾಕಿದೆ. ಸಮಾಧಿಯ ಜಾಗಕ್ಕೆ ಏರು ದಾರಿ. ಮಧ್ಯಾಹ್ನದ ಬಿಸಿಲಿಗೆ ಎಲ್ಲರ ಹಾಡುವ ದನಿಯೂ ಇಳಿದಿತ್ತು. ನಮ್ಮವರ ಏದುಸಿರು ಎರಡು ಹೆಜ್ಜೆ ಹಿಂದಿದ್ದ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮೇಲೆ ಮುಟ್ಟುವವರೆಗೂ ನಾನು ಅದನ್ನೇ ಕೇಳುತ್ತ ನಡೆದೆ.