ಬೊಬ್ಲಿಂಗೆನ್ನಿನ ಮೆಕ್ಕೆಜೋಳದ ಬ್ರೆಡ್ಡು

ಮಧ್ಯಾಹ್ನ ಜರ್ಮನಿಯ ಬೊಬ್ಲಿಂಗೆನ್ ಊರಿನ ಸಂತೆಗೆ ಹೋಗಿದ್ದೆವು. ಜತೆಗಿದ್ದ ಬಸವರಾಜ ವಿಜಾಪುರದವನು, ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವನಲ್ಲ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಇಲ್ಲಿಗೆ ಬಂದು ಎರಡು ತಿಂಗಳಿಂದ ಆಲೂಗಡ್ಡೆಯಲ್ಲೇ ದಿನ ದೂಡುತ್ತಿದ್ದ.

ಅಲ್ಲಿ, ಊರ ಪಕ್ಕದ ಅಮೆರಿಕದ ಸೇನಾ ನೆಲೆಯ ಸೈನಿಕನೊಬ್ಬನ ಹೆಂಡತಿ ತಿಂಡಿಯಂಗಡಿ ಇಟ್ಟಿದ್ದರು. "ಬರ್ಗರ್ ಬಿಟ್ಟರೆ ಅಮೆರಿಕದವರಿಗೆ ಅಡುಗೆ ಎಲ್ಲುಂಟು ಮಾರಾಯ?" ಎಂದು ನಾನು ಮುಂದೆ ಹೊರಟೆ. ಅಷ್ಟರಲ್ಲಿ ಬಸವರಾಜ ಮೆಕ್ಕೆಜೋಳದ ಹಿಟ್ಟಿನ ಬಿಸಿ ಬ್ರೆಡ್ಡನ್ನು ಬಾಯಿಗಿಟ್ಟಿದ್ದ. ಅವನ ಕಣ್ಣು ತುಂಬಿ ಬಂತು.

"ಇಟಲಿ ಪಿಜ್ಜಾ, ಈ ಜರ್ಮನ್ ಬ್ರೆಡ್ಡು, ಎಲ್ಲಾ ಇದರ ಮುಂದ ಏನೂ ಅಲ್ಲರಿ ಸರ. ಥೇಟ್ ನಮ್ಮವ್ವನ ರೊಟ್ಟಿ ವಾಸನಿ!"

ಮೂರು ತುಂಡು ತಿಂದು, ಹೇಗೆ ಮಾಡುತ್ತೀರೆಂದು ಆಕೆಯನ್ನು ಕೇಳಿದ. ಆಕೆ ಹೆಮ್ಮೆಯಿಂದ ಹೇಳಿದರು: "ಇದು ನನ್ನ ಅಜ್ಜಿಯ ಗುಟ್ಟು. ಹಂದಿಯ ಕೊಬ್ಬು ಕಾಯಿಸಿ, ಅದರಲ್ಲೇ ಹಿಟ್ಟು ಹುಯ್ಯಬೇಕು."

ಬಸವರಾಜನ ಮುಖ ಬಿಳಿಚಿಕೊಂಡಿತು. ತಟ್ಟೆ ಕೈಜಾರಿ ಬಿತ್ತು. ಅವನು ಮಾಂಸ ಮುಟ್ಟದವನೆಂದು ನಾನೇ ಆಕೆಗೆ ಹೇಳಿದೆ. ಸಂಗತಿ ತಿಳಿದ ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ಆಮೇಲೆ ಸಾಲಿನಲ್ಲಿದ್ದ ಗಿರಾಕಿಗಳಿಗೆ ಕಾಯಲು ಹೇಳಿ, ಹೊಸ ಬಾಣಲೆ ತೆಗೆದು, ಬೆಣ್ಣೆ ಹಾಕಿ, ಅವನೊಬ್ಬನಿಗಾಗಿ ಬೇರೆ ಬ್ರೆಡ್ಡು ಬೇಯಿಸಿದರು. ಅಷ್ಟು ಹೊತ್ತೂ ಅವನು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಇನ್ನು ಮುಟ್ಟಲಾರ ಎಂದುಕೊಂಡಿದ್ದೆ. ಆಕೆಯ ಮುಖ ನೋಡಿ ತಿಂದ, ಕೈಮುಗಿದ.

ಬಸ್ ನಿಲ್ದಾಣಕ್ಕೆ ನಡೆದೆವು. ಅಲ್ಲಿ ನನ್ನ ತೋಳು ಹಿಡಿದು, ಗಾಬರಿಯಿಂದ ಪಿಸುಗುಟ್ಟಿದ:

"ಖರೇ ಹೇಳ್ಲೇನ್ರಿ ಸರ? ಮೊದಲ ತಿಂದದ್ದೇ ಹೆಚ್ಚು ರುಚಿ ಇತ್ತು."