ಬಲದಿಂದ ಬರೆದ ಬಾಗಿಲುಗಳು

ಆ ಊರಿನಲ್ಲಿ ಮನೆಗಳಿಗೆ ನಂಬರು ಇರಲಿಲ್ಲ. ಅರಬ್ ಮರುಭೂಮಿಯ ಹಫ್ರ್ ಅಲ್ ಬಾತಿನ್‌ನಿಂದ ಗಡಿಯ ಕಡೆಗೆ ಲಾರಿಯಲ್ಲಿ ಒಂದು ಗಂಟೆ ಹೋದರೆ ಸಿಗುವ ಸಣ್ಣ ಪೇಟೆ ಅದು. ಯಾರ ಮನೆ ಕೇಳಿದರೂ ನೀಲಿ ಬಾಗಿಲಿನ ಪಕ್ಕದ್ದು, ಕೆಟ್ಟು ನಿಂತ ಲಾರಿಯ ಎದುರಿನದ್ದು ಎನ್ನುತ್ತಿದ್ದರು. ಆ ನೀಲಿ ಬಾಗಿಲಿಗೆ ಹಸಿರು ಬಣ್ಣ ಬಳಿದವನು ನಾನೇ. ಆಮೇಲೆ ಒಂದು ವಾರ ನೀರಿನ ಟ್ಯಾಂಕರಿನವನು ದಾರಿ ತಪ್ಪಿ ಅಲೆದನಂತೆ.

ಎಂಬತ್ತರ ದಶಕದ ನಡುವೆ ಅಲ್ಲಿಗೆ ಬಲದಿಯಾ ಬಂತು. ಬಲದಿಯಾ ಎಂದರೆ ಪುರಸಭೆ. ಎರಡು ಕೋಣೆ, ಒಂದು ಬಾವುಟ, ಒಬ್ಬ ಅಧಿಕಾರಿ, ಒಬ್ಬ ಸುಡಾನಿ ಗುಮಾಸ್ತ, ಅಷ್ಟೇ. ಅದರ ಮೊದಲ ಕೆಲಸ ಮನೆಗಳಿಗೆ ನಂಬರು ಹಾಕಿಸುವುದು. ನಂಬರಿದ್ದರೆ ಮನೆ ದಫ್ತರಿಗೆ ಸೇರುತ್ತದೆ, ದಫ್ತರಿಗೆ ಸೇರಿದರೆ ನೀರು ಬಾಗಿಲಿಗೆ ಬರುತ್ತದೆ. ನನ್ನ ವೀಸಾಕ್ಕೆ ಹೊಣೆಯಾದ ಯಜಮಾನ, ಅಂದರೆ ಕಫೀಲನದು ಪೇಂಟಿನ ಅಂಗಡಿ. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು.

"ಇವನ ಕೈ ತಪ್ಪುವುದಿಲ್ಲ" ಎಂದು ಕಫೀಲ ಅಧಿಕಾರಿಯ ಎದುರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ. ಹೊರಗೆ ಬಂದ ಮೇಲೆ ಜೇಬಿನಿಂದ ನನ್ನ ವಾಸದ ಪರವಾನಗಿ, ಇಕಾಮಾ ತೆಗೆದು ತೋರಿಸಿದ. "ಮುಂದಿನ ತಿಂಗಳು ಇದು ಮುಗಿಯುತ್ತದೆ. ನನ್ನ ಮರ್ಯಾದೆ ಹೋದರೆ ನೀನೂ ಊರಿಗೆ ಹೋಗುತ್ತೀ."

ಕೈ ತಪ್ಪುವುದಿಲ್ಲ ಎಂಬುದು ಸುಳ್ಳಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಗಳೂರಿನಲ್ಲಿ ಬಸ್ಸುಗಳಿಗೆ ಹೆಸರು ಬರೆಯುತ್ತಾ ಬೆಳೆದವನು ನಾನು. ಮನೆಮಾತು ಕೊಂಕಣಿ, ಅರಬಿಯ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಆದರೆ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಬೋರ್ಡಿನ ಮೇಲೆ ಅಚ್ಚಿನಂತೆ ಇಳಿಸುತ್ತಿದ್ದೆ. ಗುಮಾಸ್ತ ಹತ್ತು ಅಂಕಿಗಳನ್ನು ಬರೆದುಕೊಟ್ಟ. ಅವರ ಸೊನ್ನೆ ಬರೀ ಒಂದು ಚುಕ್ಕೆ. ನಮ್ಮ ಸೊನ್ನೆಯಂತೆ ಕಾಣುವುದು ಅವರ ಐದು.

"ಮಸೀದಿಯಿಂದ ಶುರು. ಬಲಬದಿಗೆ ಬೆಸ ಸಂಖ್ಯೆ, ಎಡಬದಿಗೆ ಸಮ. ಗೊತ್ತಾಯಿತಾ?"

"ಗೊತ್ತು" ಎಂದೆ. ಎರಡು ಅಂಕಿಗಳನ್ನು ಜೋಡಿಸುವುದು ಹೇಗೆ ಎಂದು ಕೇಳಲಿಲ್ಲ. ಕೇಳಿದರೆ ನನ್ನ ಐದನೇ ಕ್ಲಾಸು ಹೊರಗೆ ಬೀಳುತ್ತದೆ.

ನನ್ನ ಕೋಣೆಯ ಜೊತೆಗಾರ ಉಳ್ಳಾಲದ ಬ್ಯಾರಿ, ಪೇಟೆಯ ಚಹಾದಂಗಡಿಯಲ್ಲಿ ಕೆಲಸ. ನಾನು ಬ್ರಶ್ಶು ಕಟ್ಟಿಕೊಂಡು ಹೊರಟಾಗ ಅವನದೊಂದು ತಮಾಷೆ: "ಬಲದಿಯಾದ ಕೆಲಸ ಅಲ್ವಾ ಮಾರಾಯ, ಬಲದಿಂದಲೇ ಬರಿ. ಎಡದಿಂದ ಬರೆದ್ರೆ ಒದ್ದು ಓಡಿಸಿಯಾರು."

ಅವನು ಹೇಳಿದ್ದು ಅಕ್ಷರದ ಮಾತು, ಅರಬಿ ಅಕ್ಷರ ಬಲದಿಂದ ಎಡಕ್ಕೆ ಹೋಗುತ್ತದೆ. ನಾನು ಅದನ್ನೇ ಸೂತ್ರ ಮಾಡಿಕೊಂಡೆ. ಹನ್ನೆರಡು ಬರೆಯಬೇಕೆಂದರೆ ಬಲಕ್ಕೆ ಒಂದು, ಅದರ ಎಡಕ್ಕೆ ಎರಡು. ಬಿಳಿ ಚೌಕದ ಮೇಲೆ ಕರಿ ಅಂಕಿ. ಗುಮಾಸ್ತ ಮುಂದೆ ಮುಂದೆ ಹೋಗಿ ಬಾಗಿಲು ತಟ್ಟಿ ಹೇಳಿ ಬರುತ್ತಿದ್ದ. ಹಿಂತಿರುಗಿ ನೋಡುವಷ್ಟು ಪುರುಸೊತ್ತು ಅವನಿಗೂ ಇರಲಿಲ್ಲ. ಬುಧವಾರ ಸಂಜೆಗೆ ಅರವತ್ತನಾಲ್ಕು ಬಾಗಿಲು ಮುಗಿದವು.

ಗುರುವಾರ, ಶುಕ್ರವಾರ ಕಚೇರಿಗೆ ರಜೆ. ಗುರುವಾರ ಬೆಳಿಗ್ಗೆ ಚಹಾ ಕುಡಿದು ಹತ್ತು ರಿಯಾಲಿನ ನೋಟು ಕೊಟ್ಟೆ. ಜೊತೆಗಾರ ಅದನ್ನು ಅರಬಿ ಮುಖ ಮೇಲಾಗಿ ಮೇಜಿನ ಮೇಲಿಟ್ಟ. ನೋಟಿನಲ್ಲಿ ಒಂದು ಎಡಕ್ಕಿತ್ತು, ಚುಕ್ಕೆ ಬಲಕ್ಕಿತ್ತು. ಹತ್ತನೇ ಬಾಗಿಲಿನ ಮೇಲೆ ನಾನು ಬರೆದದ್ದು ಚುಕ್ಕೆ ಎಡಕ್ಕೆ, ಒಂದು ಬಲಕ್ಕೆ.

"ಇದು ಹತ್ತಾ?"

"ಮತ್ತೆಂತ, ನೂರಾ? ದಿನಾ ಕೊಡ್ತಿ, ಗೊತ್ತಿಲ್ವಾ?"

"ನಾನು ಬಣ್ಣ ನೋಡಿ ಕೊಡ್ತಿದ್ದೆ."

ಬಾಗಿಲುಗಳ ಮೇಲೆ ಬರೆದ ರೀತಿ ಹೇಳಿದಾಗ ಅವನು ಹಣೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್ಮ! ಅಕ್ಷರ ಮಾತ್ರ ಬಲದಿಂದ. ಅಂಕಿ ಇವರದ್ದೂ ಎಡದಿಂದಲೇ ಮಾರಾಯ!"

ಒಂಬತ್ತರವರೆಗೆ ಸರಿ. ಹನ್ನೊಂದು, ಇಪ್ಪತ್ತೆರಡು ಅಂಥವು ಐದು, ಹೇಗೆ ಬರೆದರೂ ಸರಿ. ಉಳಿದ ಐವತ್ತು ಬಾಗಿಲು ತಪ್ಪು. ಶನಿವಾರ ಅಧಿಕಾರಿ ದಫ್ತರು ಹಿಡಿದು ಬಾಗಿಲಿನಿಂದ ಬಾಗಿಲಿಗೆ ಬರುವವನಿದ್ದ.

"ಇವತ್ತೇ ಬಳಿದುಬಿಡು. ಯಾರಿಗೆ ಗೊತ್ತಾಗ್ತದೆ?" ಎಂದ ಜೊತೆಗಾರ.

ಹೊರಟೆ. ಹೆಂಗಸರಿರುವ ಮನೆಗಳ ಬಾಗಿಲಲ್ಲಿ, ಗುಮಾಸ್ತನಿಲ್ಲದೆ, ಕಾಗದವಿಲ್ಲದೆ, ಪರದೇಶದವನೊಬ್ಬ ನಿಲ್ಲುವುದು ಸಣ್ಣ ಮಾತಲ್ಲ. ಹತ್ತನೇ ಮತ್ತು ಹನ್ನೆರಡನೇ ಬಾಗಿಲನ್ನು ಹೇಗೋ ಬಳಿದು ತಿದ್ದಿದೆ. ಹದಿಮೂರರ ಮೆಟ್ಟಿಲ ಮೇಲೆ ಮನೆಯ ಮುದುಕನೇ ಕೂತಿದ್ದ. ಅವನ ಬಾಗಿಲಿನ ಮೇಲೆ ನಾನು ಬರೆದದ್ದು ಮೂವತ್ತೊಂದಾಗಿತ್ತು.

"ಯಾ ಹಿಂದಿ, ನನ್ನ ನಂಬರಿಗೆ ಏನು ಮಾಡುತ್ತೀ?" ಹಿಂದಿ ಎಂದರೆ ಅವರ ಬಾಯಲ್ಲಿ ಭಾರತದವನು.

"ತಪ್ಪಾಗಿದೆ, ಬಾಬಾ."

"ಯಾರು ಹೇಳಿದ್ದು? ಬಲದಿಯಾದ ಕಾಗದ ಎಲ್ಲಿ?" ಊರುಗೋಲನ್ನು ಬಾಗಿಲಿಗೆ ಅಡ್ಡ ಹಿಡಿದ. "ಆಯುಸ್ಸೆಲ್ಲ ಡೇರೆಯಲ್ಲಿ ಕಳೆದೆ. ಈಗ ನಂಬರು ಸಿಕ್ಕಿದೆ. ರಿಯಾದಿನ ಮಗನಿಗೆ ಮೂವತ್ತೊಂದು ಅಂತ ಬರೆಸಿ ಕಳಿಸಿದ್ದೇನೆ. ಸರ್ಕಾರ ಕೊಟ್ಟದ್ದನ್ನು ಅಳಿಸಲು ನೀನು ಯಾರು? ಮುಟ್ಟು ನೋಡು, ಪೊಲೀಸಿಗೆ ಹೇಳುತ್ತೇನೆ."

ಡಬ್ಬಿ ಎತ್ತಿಕೊಂಡು ಹಿಂದೆ ಬಂದೆ. ಒಂದು ಬಾಗಿಲು ಉಳಿದರೂ ಗುಟ್ಟು ಉಳಿಯುವುದಿಲ್ಲ. ಶುಕ್ರವಾರವಿಡೀ ಪೆಟ್ಟಿಗೆಯ ಬಟ್ಟೆ ತೆಗೆದು ಮಡಚಿದೆ, ಮತ್ತೆ ತೆಗೆದೆ. ಜೊತೆಗಾರ ತಮಾಷೆ ನಿಲ್ಲಿಸಿದ್ದ. ಅದೇ ಹೆಚ್ಚು ಹೆದರಿಸಿತು.

ಶನಿವಾರ ಬೀಗ ತೆಗೆಯುವ ಮೊದಲೇ ಕಚೇರಿಯ ಮೆಟ್ಟಿಲಲ್ಲಿ ನಿಂತಿದ್ದೆ. ಗುಮಾಸ್ತ ಬಂದ. ಧೂಳು ಹಿಡಿದ ಕಿಟಕಿಯ ಗಾಜಿನ ಮೇಲೆ ನನ್ನ ಹನ್ನೆರಡನ್ನು ಬೆರಳಿನಿಂದ ಬರೆದು ತೋರಿಸಿದೆ. "ಐವತ್ತು ಬಾಗಿಲು ಹೀಗೆ ಬರೆದೆ."

ಅವನು ಗಾಜನ್ನೇ ನೋಡಿದ. "ಹೀಗೆ ಬರೆಯಲು ಯಾರು ಹೇಳಿದರು?"

ಅವನ ಚೀಟಿಯ ಮೇಲೆ ಹಾಕಬಹುದಿತ್ತು, ಜೊತೆಗಾರನ ಮೇಲೆ ಹಾಕಬಹುದಿತ್ತು. "ಯಾರೂ ಇಲ್ಲ. ನಾನು ಕೇಳಲಿಲ್ಲ. ನಾನು ಓದಿದ್ದು ಐದನೇ ಕ್ಲಾಸು" ಎಂದೆ. ಆ ದೇಶದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಹತ್ತು ಬರೆದು ತೋರಿಸು ಅಂತ ನಾನೂ ಹೇಳಲಿಲ್ಲ" ಎಂದು ಅವನು ಒಳಗೆ ಹೋದ.

ಅಧಿಕಾರಿ ಬಂದ ಮೇಲೆ ಒಳಗೆ ಮಾತು ನಡೆಯಿತು. ನನಗೆ ಕೇಳಿಸಿದ್ದು ಎರಡೇ ಶಬ್ದ: ಹಿಂದಿ, ಖಲಾಸ್. ಮುಗಿಯಿತು ಎಂದರೆ ಮಾತು ಮುಗಿಯಿತೋ, ನಾನು ಮುಗಿದೆನೋ?

ಗುಮಾಸ್ತ ಮೊಹರು ಹಾಕಿದ ಕಾಗದ ತಂದು ಕೊಟ್ಟ. "ದಫ್ತರಿನ ತಪಾಸಣೆ ಎರಡು ದಿನ ಮುಂದೆ ಹೋಯಿತು. ಆ ಮುದುಕನ ಬಾಗಿಲು ಮುಟ್ಟಬೇಡ. ಅವನು ನಿನ್ನೆಯೇ ಅಧಿಕಾರಿಯ ಮನೆಗೆ ಹೋಗಿ ದೂರು ಕೊಟ್ಟಿದ್ದಾನೆ. ಅವನು ಮೂವತ್ತೊಂದಾಗಿಯೇ ಇರಲಿ, ನಿಜವಾದ ಮೂವತ್ತೊಂದನೇ ಮನೆಯವನಿಗೆ ಹದಿಮೂರು. ಯಲ್ಲಾ, ಹೊರಡು!"

ಎಡದಿಂದ, ಎಡದಿಂದ ಎಂದು ಬಾಯಲ್ಲೇ ಹೇಳಿಕೊಳ್ಳುತ್ತಾ ಎರಡು ದಿನದಲ್ಲಿ ಮುಗಿಸಿದೆ.

ಮುಂದಿನ ತಿಂಗಳು ಕಫೀಲ ಹೊಸ ಇಕಾಮಾ ಕೈಗಿಟ್ಟ. "ಹನ್ನೊಂದರ ಪಕ್ಕ ಮೂವತ್ತೊಂದು ಬರೆದ ಕತ್ತೆ ಯಾರು ಅಂತ ಟ್ಯಾಂಕರಿನವನು ಬೈಯುತ್ತಿದ್ದ. ನಿನ್ನ ಕೈ ತಪ್ಪಲಿಲ್ಲವಷ್ಟೆ?"

"ಕೈ ತಪ್ಪಲಿಲ್ಲ" ಎಂದೆ.